ಊರಿನ ಸದ್ದಿನಿಂದ ಸಂಗೀತ: ಎಲೆಕ್ಟ್ರೋಅಕೌಸ್ಟಿಕ್ ರಚನೆ ಮತ್ತು ಯಾದವಗಿರಿ

ನಿತ್ಯದ ಬದುಕಿನಲ್ಲಿ ಕಿವಿಗೆ ಬೀಳುವ ಸದ್ದುಗಳನ್ನು ಅವು ಹುಟ್ಟಿದ ಜಾಗದಲ್ಲೇ ಧ್ವನಿಮುದ್ರಿಸಿಕೊಂಡು, ಆ ಮುದ್ರಿಕೆಯನ್ನೇ ಸಾಮಗ್ರಿಯಾಗಿ ಇಟ್ಟುಕೊಂಡು ಕಟ್ಟುವ ಸಂಗೀತವು ಎಲೆಕ್ಟ್ರೋಅಕೌಸ್ಟಿಕ್ ಸಂಗೀತದ ಒಂದು ಮುಖ್ಯ ಕವಲು. ವೀಣೆ, ಪಿಟೀಲು, ಮೃದಂಗಗಳ ಜಾಗದಲ್ಲಿ ಇಲ್ಲಿ ರೈಲಿನ ಕೂಗು, ಕುಕ್ಕರಿನ ವಿಷಲ್, ನಲ್ಲಿಯ ನೀರು, ಸೊಪ್ಪಿನವರ ದನಿ, ಮಳೆ, ಎಣ್ಣೆ ಕಾಣದ ಬಾಗಿಲು ಇರುತ್ತವೆ. ಸ್ವರಲಿಪಿ ಬರೆದು ವಾದಕರ ಕೈಗೆ ಕೊಡುವ ಕ್ರಮ ಇದರಲ್ಲಿಲ್ಲ. ರಚನಕಾರರು ಮುದ್ರಿಕೆಯನ್ನು ಕತ್ತರಿಸುತ್ತಾರೆ, ಜೋಡಿಸುತ್ತಾರೆ, ಅದರ ವೇಗ ಬದಲಿಸುತ್ತಾರೆ, ಬೇಡದ್ದನ್ನು ಸೋಸುತ್ತಾರೆ. ಸಿದ್ಧವಾದ ಕೃತಿ ಧ್ವನಿವರ್ಧಕದಿಂದ ನೇರವಾಗಿ ಕೇಳುಗರನ್ನು ಮುಟ್ಟುತ್ತದೆ.

ಮೈಸೂರಿನ ಯಾದವಗಿರಿಯನ್ನು ಈ ಕಲೆಯ ಕೇಂದ್ರವೆಂದು ಯಾರೂ ಕರೆದಿಲ್ಲ, ಹಾಗೆ ಕರೆಯಲು ಆಧಾರವೂ ಇಲ್ಲ. ಆದರೆ ಜಗತ್ತಿನ ಹಲವೆಡೆ ಈ ಕಲೆಯನ್ನು ಸಾಕಿದ್ದು ರೇಡಿಯೊ ನಿಲಯ. ಕನ್ನಡದ ರೇಡಿಯೊ ಹುಟ್ಟಿದ್ದು ಯಾದವಗಿರಿಯ ಒಂದು ಮನೆಯಲ್ಲಿ. ಈ ಲೇಖನ ಆ ಎರಡು ಎಳೆಗಳನ್ನು ಜೊತೆಯಾಗಿ ಹಿಡಿಯುತ್ತದೆ.

ರೇಡಿಯೊ ನಿಲಯಗಳಲ್ಲಿ ಹುಟ್ಟು

ಯಂತ್ರಗಳ ಗದ್ದಲವೂ ಸಂಗೀತದ ಸಾಮಗ್ರಿ ಆಗಬಹುದೆಂದು ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲೇ ಪ್ರಣಾಳಿಕೆ ಬರೆದಿದ್ದ. ಅದು ವಿಚಾರದ ಮಟ್ಟದಲ್ಲಿ ದೊಡ್ಡ ಹೆಜ್ಜೆ. ಸದ್ದನ್ನು ಹಿಡಿದಿಡುವ, ತುಂಡರಿಸುವ ಉಪಕರಣ ಆಗ ಅವನ ಕೈಯಲ್ಲಿರಲಿಲ್ಲ. 1930ರಲ್ಲಿ ಜರ್ಮನಿಯ ವಾಲ್ಟರ್ ರುಟ್‌ಮನ್ ಬರ್ಲಿನ್ ರೇಡಿಯೊಗಾಗಿ ‘ವೀಕೆಂಡ್’ ಎಂಬ ಸುಮಾರು 11 ನಿಮಿಷದ ಕೃತಿಯನ್ನು ಸಿನಿಮಾ ರೀಲಿನ ಧ್ವನಿಪಟ್ಟಿಯ ಮೇಲೆ ಕಟ್ಟಿದ. ವಾರಾಂತ್ಯಕ್ಕೆ ಬಿಡುವಾಗುವ ನಗರದ ಕಾರ್ಖಾನೆ, ಟೈಪ್‌ರೈಟರ್, ಹಳ್ಳಿಯ ಗಂಟೆ, ಕೋಳಿಯ ಕೂಗು ಅದರಲ್ಲಿ ಒಂದರ ಹಿಂದೊಂದು ಬರುತ್ತವೆ. ಚಿತ್ರವೇ ಇಲ್ಲದ ಸಿನಿಮಾ ಅದು.

1944ರಲ್ಲಿ ಕೈರೊದಲ್ಲಿ ಹಲೀಮ್ ಎಲ್-ದಬ್ ಎಂಬ ಯುವಕ ರೇಡಿಯೊ ನಿಲಯದಿಂದ ತಂತಿ ಮುದ್ರಣಯಂತ್ರವನ್ನು ಎರವಲು ಪಡೆದು, ಹೆಂಗಸರು ನಡೆಸುವ ‘ಝಾರ್’ ಎಂಬ ದೆವ್ವ ಬಿಡಿಸುವ ಆಚರಣೆಯ ಹಾಡನ್ನು ಮುದ್ರಿಸಿಕೊಂಡು ಬಂದ. ಆಮೇಲೆ ನಿಲಯದ ಪ್ರತಿಧ್ವನಿ ಕೋಣೆಯಲ್ಲಿ ಅದನ್ನು ಮರುಮುದ್ರಿಸಿ, ಮಾತಿನ ಅಂಚುಗಳನ್ನು ಸವೆಸಿ, ಒಳಗಿನ ನಾದವನ್ನಷ್ಟೇ ಉಳಿಸಿಕೊಂಡ. ಯುರೋಪಿನಲ್ಲಿ ಈ ಕಲೆಗೆ ಹೆಸರಿಡುವ ನಾಲ್ಕು ವರ್ಷ ಮೊದಲೇ ಆಫ್ರಿಕಾದಲ್ಲಿ ಇದು ನಡೆದಿತ್ತು. ಎಲ್ಲವೂ ಪ್ಯಾರಿಸ್‌ನಿಂದಲೇ ಶುರುವಾಯಿತೆಂದು ಬರೆಯುವ ಇತಿಹಾಸಗಳಲ್ಲಿ ಎಲ್-ದಬ್‌ಗೆ ಸಿಗಬೇಕಾದ ಜಾಗ ಬಹುಕಾಲ ಸಿಗಲಿಲ್ಲ.

ಹೆಸರಿಟ್ಟವನು ಫ್ರೆಂಚ್ ರೇಡಿಯೊದ ಎಂಜಿನಿಯರ್ ಪಿಯರ್ ಶೆಫರ್. ಪ್ಯಾರಿಸ್‌ನ ಬಾತಿನ್ಯೋಲ್ ನಿಲ್ದಾಣದಲ್ಲಿ ಉಗಿಬಂಡಿಗಳ ಸದ್ದನ್ನು ಹಿಡಿದು ಅವನು ರಚಿಸಿದ ರೈಲಿನ ಅಭ್ಯಾಸಕೃತಿಯೂ ಸೇರಿ ಐದು ‘ಸದ್ದಿನ ಅಭ್ಯಾಸಗಳು’ 1948ರ ಅಕ್ಟೋಬರ್ 5ರಂದು ರೇಡಿಯೊದಲ್ಲಿ ಪ್ರಸಾರವಾದವು. ಐದನೆಯದರಲ್ಲಿ ಅಡುಗೆಮನೆಯ ಪಾತ್ರೆಗಳೂ ಇದ್ದವು. ಆಗಿನ್ನೂ ಟೇಪ್ ಅವನಿಗೆ ದಕ್ಕಿರಲಿಲ್ಲ. ಕೆಲಸವೆಲ್ಲ ಗ್ರಾಮಫೋನ್ ತಟ್ಟೆಯ ಮೇಲೆ. ತಟ್ಟೆಯ ಗೆರೆಯನ್ನು ಮುಂದಕ್ಕೆ ಸುರುಳಿಯಾಗಿ ಬಿಡದೆ ಅದೇ ವೃತ್ತಕ್ಕೆ ಮುಚ್ಚಿಬಿಟ್ಟರೆ ಸೂಜಿ ಅಲ್ಲೇ ಸುತ್ತುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಸುತ್ತಿಗೆ ಸುಮಾರು 0.77 ಸೆಕೆಂಡ್. ಅಷ್ಟು ಕಿರಿದಾದ ಸದ್ದು ಮತ್ತೆ ಮತ್ತೆ ಕೇಳಿದಾಗ ಅದು ಯಾವ ವಸ್ತುವಿನಿಂದ ಬಂತೆಂಬುದು ಮರೆಯಾಗಿ, ಅದರ ಲಯ, ಕಾಂತಿ, ಒರಟುತನಗಳೇ ಮುಂದೆ ಬರುತ್ತವೆ. ಶೆಫರ್‌ನ ಸಿದ್ಧಾಂತವೆಲ್ಲ ಈ ಅನುಭವದ ಮೇಲೆ ನಿಂತಿದೆ. ಮೂಲವನ್ನು ಮರೆತು ಸದ್ದನ್ನು ಸದ್ದಾಗಿಯೇ ಕೇಳುವುದನ್ನು ಅವನು ಒಂದು ಶಿಸ್ತಾಗಿ ಬೆಳೆಸಿ, 1966ರಲ್ಲಿ ದೊಡ್ಡ ಗ್ರಂಥವೊಂದರಲ್ಲಿ ಸದ್ದುಗಳ ವರ್ಗೀಕರಣವನ್ನೇ ಮಂಡಿಸಿದ.

ಅವನ ಸಹವರ್ತಿ ಪಿಯರ್ ಆನ್ರಿ 1963ರಲ್ಲಿ ಒಂದು ಬಾಗಿಲು ಮತ್ತು ಒಂದು ನಿಟ್ಟುಸಿರಿನಿಂದಲೇ ಇಡೀ ಕೃತಿಯೊಂದನ್ನು ಕಟ್ಟಿದ. ಕಲೋನ್ ರೇಡಿಯೊ 1951ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ತೆರೆಯಿತು. ಬಿಬಿಸಿ 1958ರಲ್ಲಿ ತನ್ನ ರೇಡಿಯೊಫೋನಿಕ್ ಕಾರ್ಯಾಗಾರವನ್ನು ಆರಂಭಿಸಿತು. ಮುದ್ರಣಯಂತ್ರಗಳು ಭಾರಿ ಬೆಲೆಯವಾಗಿದ್ದ ಆ ಕಾಲದಲ್ಲಿ ಅವನ್ನು ಇಟ್ಟುಕೊಳ್ಳುವ ಶಕ್ತಿ ಹೆಚ್ಚಾಗಿ ಇದ್ದದ್ದು ಪ್ರಸಾರ ಸಂಸ್ಥೆಗಳಿಗೆ.

ಮರೆಯಬೇಕೆ, ನೆನೆಯಬೇಕೆ?

ಶೆಫರ್‌ನ ಕ್ರಮಕ್ಕೆ ಮೊದಲ ದೊಡ್ಡ ಭಿನ್ನಮತ ಬಂದದ್ದು ಅವನ ಬಳಗದಿಂದಲೇ. ಲುಕ್ ಫೆರಾರಿ ಆಡ್ರಿಯಾಟಿಕ್ ಕಡಲ ದ್ವೀಪವೊಂದರ ವೆಲಾ ಲೂಕಾ ಎಂಬ ಮೀನುಗಾರರ ಹಳ್ಳಿಯ ಬೆಳಗಿನ ಸದ್ದನ್ನು ಮುದ್ರಿಸಿಕೊಂಡು, 1970ರ ಹೊತ್ತಿಗೆ ಸುಮಾರು 20 ನಿಮಿಷದ ಕೃತಿಯಾಗಿ ಹೊರತಂದ. ದೋಣಿಯ ಎಂಜಿನ್, ಕತ್ತೆ, ಹೆಂಗಸರ ಮಾತು, ಬಿಸಿಲೇರಿದಂತೆ ಕಿವಿ ತುಂಬುವ ಜೀರುಂಡೆ ಅದರಲ್ಲಿವೆ. ಫೆರಾರಿಯ ಕೈಚಳಕ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಏನೂ ಮಾಡಿಲ್ಲವೆಂಬಂತೆ ಕೇಳುತ್ತದೆ. ಸದ್ದಿನ ಮೂಲವನ್ನು ಮರೆಸುವ ಬದಲು ಅದನ್ನೇ ಎದುರಿಗಿಟ್ಟ ಈ ಕೃತಿ ಹೊಸ ದಾರಿ ತೆರೆಯಿತು.

ಕೆನಡಾದ ರೇಮಂಡ್ ಮರೆ ಶೇಫರ್ ಮತ್ತು ಅವರ ಸಂಗಡಿಗರು ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಯೋಜನೆ ಇನ್ನೂ ಮುಂದೆ ಹೋಗಿ, ಒಂದು ಊರಿನ ಒಟ್ಟು ಧ್ವನಿಪರಿಸರವನ್ನೇ ಅಧ್ಯಯನದ ವಸ್ತು ಮಾಡಿಕೊಂಡಿತು. 1973ರಲ್ಲಿ ವ್ಯಾಂಕೂವರ್ ನಗರದ ಧ್ವನಿಪರಿಸರದ ಮುದ್ರಿಕೆಗಳು ಬಂದವು. 1977ರಲ್ಲಿ ಮರೆ ಶೇಫರ್‌ರ ಪ್ರಸಿದ್ಧ ಪುಸ್ತಕ ಬಂತು. ಆ ಬಳಗದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ ಭಾರತಕ್ಕೆ ಬಂದು ದೆಹಲಿಯ ಬೀದಿ ವ್ಯಾಪಾರಿಗಳ ಕೂಗು, ವಾಹನ, ಗಂಟೆಗಳನ್ನು ಮುದ್ರಿಸಿ 1997ರಲ್ಲಿ ಒಂದು ಕೃತಿ ರಚಿಸಿದರು. ಪರದೇಶದವಳಾಗಿ ಈ ಸದ್ದುಗಳನ್ನು ಮುಟ್ಟುವ ಹಕ್ಕು ತನಗೆಷ್ಟು ಎಂಬ ಪ್ರಶ್ನೆಯನ್ನು ಅವರು ಕೃತಿಯ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ. ಬಳಗದ ಇನ್ನೊಬ್ಬರು ಬ್ಯಾರಿ ಟ್ರೂಆಕ್ಸ್. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ಸದ್ದಿನ ಕಾಳುಗಳನ್ನು ಒತ್ತೊತ್ತಾಗಿ ಸುರಿದು ನಾದ ಕಟ್ಟುವ ತಂತ್ರವನ್ನು ಅವರು ಕಂಪ್ಯೂಟರಿನಲ್ಲಿ ಸಾಧಿಸಿ, 1986ರಲ್ಲಿ ‘ರಿವರ್‌ರನ್’ ಕೃತಿಯಲ್ಲಿ ಬಳಸಿದರು.

ಸದ್ದಿನ ಮೂಲವನ್ನು ಮರೆಸುವ ಮತ್ತು ಅದನ್ನೇ ನೆನೆಯುವ ಈ ಎರಡು ಪಂಥಗಳ ಜಗಳ ಇಂದಿಗೂ ತೀರಿಲ್ಲ. ಮೈಸೂರಿನಂಥ ಊರಿನ ಕೇಳುಗರ ಮಟ್ಟಿಗೆ ಎರಡನೆಯ ಪಂಥವೇ ಹೆಚ್ಚು ಫಲ ಕೊಡುತ್ತದೆ ಎನ್ನಬೇಕು. ಸದ್ದಿನ ಹಿಂದಿರುವ ಮನುಷ್ಯರನ್ನು, ಹೊತ್ತನ್ನು, ಬೀದಿಯನ್ನು ಗುರುತಿಸುವ ಶಕ್ತಿ ನಮ್ಮ ಕಿವಿಗೆ ಇನ್ನೂ ಗಟ್ಟಿಯಾಗಿದೆ. ಬೆಳಗಿನ ಸೀಟಿ ಕೇಳಿದರೆ ಕಸದ ಬುಟ್ಟಿ ಹಿಡಿದು ಬಾಗಿಲಿಗೆ ಬರುವವರಿಗೆ ಆ ಸೀಟಿ ಬರಿಯ ನಾದ ಎಂದು ಹೇಳಿ ಒಪ್ಪಿಸುವುದು ಕಷ್ಟ, ಒಪ್ಪಿಸುವ ಅಗತ್ಯವೂ ಇಲ್ಲ. ಗುರುತು ಹತ್ತುವ ಗಳಿಗೆಯನ್ನೇ ರಚನೆಯ ಕೀಲಾಗಿ ಬಳಸಿಕೊಳ್ಳುವುದು ಜಾಣತನ.

ಭಾರತದಲ್ಲಿ

ಸಂಗೀತಶಾಸ್ತ್ರ ನಮ್ಮಲ್ಲಿ ಸುತ್ತಲಿನ ಸದ್ದನ್ನು ಎಂದೂ ಪೂರ್ತಿ ಹೊರಗಿಟ್ಟಿರಲಿಲ್ಲ. ಷಡ್ಜವನ್ನು ನವಿಲಿಗೆ, ಪಂಚಮವನ್ನು ಕೋಗಿಲೆಗೆ, ನಿಷಾದವನ್ನು ಆನೆಗೆ ಹೊಂದಿಸುವ ಮಾತು ಹಳೆಯ ಶಿಕ್ಷಾಗ್ರಂಥಗಳಿಂದಲೇ ಬಂದಿದೆ. ಆದರೆ ಆ ಸದ್ದನ್ನೇ ಸಭೆಗೆ ತರುವ ಕಲ್ಪನೆ ಶಾಸ್ತ್ರಕ್ಕೆ ಇರಲಿಲ್ಲ. ಯಂತ್ರವಿಲ್ಲದೆ ಅದು ಸಾಧ್ಯವೂ ಇರಲಿಲ್ಲ.

ಬೇರೆ ದೇಶಗಳಲ್ಲಿ ರೇಡಿಯೊ ಮಾಡಿದ ಕೆಲಸವನ್ನು ಭಾರತದಲ್ಲಿ ಮೊದಲು ಮಾಡಿದ್ದು ಒಂದು ವಿನ್ಯಾಸ ಶಾಲೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಮತ್ತು ಟೇಪ್ ಯಂತ್ರಗಳ ಸ್ಟುಡಿಯೊ ಸ್ಥಾಪಿಸಿದರು. ಇದರ ಹಿಂದೆ ಸಾರಾಭಾಯಿ ಮನೆತನದ ಗೀತಾ ಸಾರಾಭಾಯಿ ಇದ್ದರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿ, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು ಅವರು. ಗೀತಾ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನರಾಜ್ ಜೋಶಿಪುರ 1972ರವರೆಗೆ ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದು, ಬ್ರಿಟನ್ನಿನ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಸಂಕಲನವಾಗಿ ಬಂದವು. ಮೂರು ವರ್ಷದ ಕೆಲಸ ಕೇಳುಗರನ್ನು ಮುಟ್ಟಲು ಅರ್ಧ ಶತಮಾನ ಹಿಡಿಯಿತು. ಸಾಮಗ್ರಿ ಹಾಳಾಗದೆ ಉಳಿದದ್ದರಿಂದ ಮಾತ್ರ ಇದು ಆಯಿತು.

ಕರ್ನಾಟಕದ ಊರೊಂದರ ಸದ್ದಿನಿಂದಲೇ ಕಟ್ಟಿದ, ಹೊರಗೂ ಹೆಸರಾದ ಕೃತಿ ಬುದ್ಧಾದಿತ್ಯ ಚಟ್ಟೋಪಾಧ್ಯಾಯರದು. ಮೆಟ್ರೊ ಕಾಮಗಾರಿ ಬೆಂಗಳೂರನ್ನು ಅಗೆಯುತ್ತಿದ್ದ ಹೊತ್ತಿನಲ್ಲಿ ಅವರು ಅಲ್ಲಿ ತಂಗಿ, ಕಟ್ಟಡ ಕೆಲಸದ ಜಾಗ, ರಸ್ತೆ, ಬಯಲುಗಳನ್ನು ಮುದ್ರಿಸಿಕೊಂಡರು. ಅದರ ಜೊತೆಗೆ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕ ರೀಲ್ ಟೇಪುಗಳನ್ನೂ ಸೇರಿಸಿದರು. ಈ ಸಾಮಗ್ರಿಯಿಂದ ಮಾಡಿದ ಪ್ರತಿಷ್ಠಾಪನಾ ಕೃತಿಗೆ 2011ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾ ಪ್ರಶಸ್ತಿಯಲ್ಲಿ ಗೌರವ ಉಲ್ಲೇಖ ಸಿಕ್ಕಿತು. 2013ರಲ್ಲಿ ಜರ್ಮನಿಯ ಗ್ರೂನ್‌ರೆಕಾರ್ಡರ್ ಸಂಸ್ಥೆ ‘ಎಲಿಜಿ ಫಾರ್ ಬ್ಯಾಂಗಲೋರ್’ ಹೆಸರಿನಲ್ಲಿ ಧ್ವನಿಸಂಪುಟ ಹೊರತಂದಿತು. ಕಣ್ಣೆದುರೇ ಬದಲಾಗುತ್ತಿರುವ ನಗರವನ್ನು ಕಿವಿಯ ಮೂಲಕ ದಾಖಲಿಸಿದ ಈ ಕೃತಿಯನ್ನು ಕನ್ನಡಿಗರು ಇನ್ನೂ ಹೆಚ್ಚಾಗಿ ಕೇಳಬೇಕು. ಇನ್ನೊಂದು ದಿಕ್ಕಿನ ಕೆಲಸ ಉಮಾಶಂಕರ್ ಮಂತ್ರವಾದಿಯವರದು: ತಾವೇ ತಯಾರಿಸಿದ ಮೈಕ್‌ಗಳಿಂದ ಪುರಾತನ ರಂಗಸ್ಥಳಗಳ ಧ್ವನಿಗುಣವನ್ನು ಅಳೆಯುವ ಅವರ ದೀರ್ಘಕಾಲದ ಸಾಧನೆಯ ಸುತ್ತ 2020ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನವೊಂದು ನಡೆಯಿತು.

ಯಾದವಗಿರಿ

ಮೈಸೂರು ರೈಲು ನಿಲ್ದಾಣದ ಸಮೀಪದ ಏರುನೆಲದ ಬಡಾವಣೆ ಯಾದವಗಿರಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಖಾಸಗಿ ರೇಡಿಯೊ ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ದೇಶದ ಪ್ರಸಾರ ಸಂಸ್ಥೆ ಅದೇ ಹೆಸರನ್ನು ತನ್ನದಾಗಿಸಿಕೊಂಡದ್ದು ಸ್ವಾತಂತ್ರ್ಯದ ನಂತರ. ನಿಲಯ ಮುಂದೆ ಸರ್ಕಾರದ ಕೈಸೇರಿ 1955ರಲ್ಲಿ ಬೆಂಗಳೂರಿಗೆ ಹೋಯಿತು. ಎರಡು ದಶಕದ ಬಳಿಕ ಮೈಸೂರಿಗೆ ಮತ್ತೆ ನಿಲಯ ಬಂದಾಗ ಅದು ನೆಲೆಯೂರಿದ್ದು ಯಾದವಗಿರಿಯಲ್ಲೇ, ವಿಠ್ಠಲ ವಿಹಾರಕ್ಕೆ ಕೂಗಳತೆಯಲ್ಲಿ. ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆಯೂ ಇದೇ ಬಡಾವಣೆಯಲ್ಲಿದ್ದು ಈಗ ಸ್ಮಾರಕವಾಗಿದೆ.

ಕೇಳುವ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬ ಕುತೂಹಲ ತಮ್ಮ ವೃತ್ತಿಯ ಭಾಗವೇ ಆಗಿದ್ದ ವಿದ್ವಾಂಸರೊಬ್ಬರು ಕನ್ನಡದ ಮೊದಲ ರೇಡಿಯೊ ಕಟ್ಟಿದರೆಂಬುದು ಗಮನಿಸಬೇಕಾದ ಸಂಗತಿ. ಆದರೆ ಭಾರತದ ರೇಡಿಯೊ ಸದ್ದಿನ ಪ್ರಯೋಗಶಾಲೆ ಆಗಲಿಲ್ಲ. ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಭಾಷಣ, ಕೃಷಿ, ನಾಟಕ ಇವೇ ಅದರ ಹೊಣೆಗಳಾದವು. ಅವನ್ನು ಅದು ಗೌರವದಿಂದ ನಿಭಾಯಿಸಿತು. ಸುತ್ತಲಿನ ಸದ್ದಿಗೆ ಜಾಗ ಸಿಕ್ಕಿದ್ದು ರೇಡಿಯೊ ನಾಟಕದಲ್ಲಿ. ತೆಂಗಿನ ಚಿಪ್ಪಿನಿಂದ ಕುದುರೆಯ ಹೆಜ್ಜೆ, ತಗಡು ಅಲುಗಿಸಿ ಗುಡುಗು, ಮುದ್ರಿಸಿಟ್ಟ ಮಳೆ, ಬಾಗಿಲು, ರೈಲು. ಕನ್ನಡದ ಕೇಳುಗರು ಸದ್ದಿನಿಂದಲೇ ಇಡೀ ಹಟ್ಟಿಯನ್ನು, ಕಾಡನ್ನು, ಕೋರ್ಟನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲು ಕಲಿತದ್ದು ಈ ನಾಟಕಗಳಿಂದ. ಅಲ್ಲಿ ಸದ್ದು ಕತೆಗೆ ಸೇವಕ. ಅದನ್ನು ಯಜಮಾನಿಕೆಗೆ ಏರಿಸುವ ಒಂದು ಹೆಜ್ಜೆಯಷ್ಟೇ ಬಾಕಿ ಉಳಿದಿತ್ತು.

ಆ ಹೆಜ್ಜೆಯನ್ನು ಇಟ್ಟದ್ದು ರಂಗಭೂಮಿ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಸ್ಥಾಪಿಸಿದ ಬಿ. ವಿ. ಕಾರಂತರು ನಾಟಕದ ಸಂಗೀತಕ್ಕೆ ಕಲ್ಲು, ಬಿದಿರು, ತಗಡು, ಪಾತ್ರೆಗಳನ್ನು ವಾದ್ಯಗಳ ಸಮಕ್ಕೆ ತಂದರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ಒಂದರ ಹಿಂದೊಂದು ವರ್ಷ ರಾಷ್ಟ್ರಪ್ರಶಸ್ತಿ ಬಂತು. ಕಾರಂತರ ಕೆಲಸ ರಂಗದ ಮೇಲೆ ಜೀವಂತವಾಗಿ ನಡೆಯುವಂಥದ್ದು, ಟೇಪ್ ಕತ್ತರಿಸುವ ಕಲೆಯಲ್ಲ. ಆದ್ದರಿಂದ ಅದನ್ನು ಎಲೆಕ್ಟ್ರೋಅಕೌಸ್ಟಿಕ್ ಎನ್ನಲು ಬರುವುದಿಲ್ಲ. ಆದರೆ ಶೆಫರ್ ಪ್ಯಾರಿಸ್‌ನಲ್ಲಿ ಕೇಳಿದ ಪ್ರಶ್ನೆಯನ್ನೇ ಅವರು ಕನ್ನಡದಲ್ಲಿ ಕೇಳಿದರು: ಯಾವ ವಸ್ತುವಿನ ಸದ್ದು ಸಂಗೀತವಲ್ಲ? ಈ ಕಲೆಯ ಕನ್ನಡ ಪರಂಪರೆಯನ್ನು ಬರೆಯುವವರು ಕಾರಂತರಿಂದಲೇ ಆರಂಭಿಸಬೇಕು.

ಈ ಕಲೆಗೆ ಬೇಕಾದ ಬಿಡಿಭಾಗಗಳು ಮೈಸೂರಿನಷ್ಟು ಒತ್ತೊತ್ತಾಗಿ ಇರುವ ಊರು ಕಡಿಮೆ. ರೇಡಿಯೊ ಮತ್ತು ರಂಗಾಯಣದ ಜೊತೆಗೆ, ಮಾನಸಗಂಗೋತ್ರಿಯಲ್ಲಿ ಕಿವಿ ಮತ್ತು ಮಾತಿನ ವಿಜ್ಞಾನಕ್ಕೆ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, 1969ರಲ್ಲಿ ಆರಂಭವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಿದೆ, ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಇವುಗಳ ನಡುವೆ ಸದ್ದಿನ ಕಲೆಗೊಂದು ಕೋಣೆ ಮಾತ್ರ ಇನ್ನೂ ಆಗಬೇಕಿದೆ.

ಬಡಾವಣೆಯ ಸದ್ದು

ನಸುಕಿನಲ್ಲಿ ಮೊದಲು ಕೋಗಿಲೆ, ಕುಟ್ರುಹಕ್ಕಿ. ಬೆನ್ನಿಗೇ ಯಾರದೋ ಮನೆಯ ಸುಪ್ರಭಾತ, ಅಂಗಳಕ್ಕೆ ನೀರು ಎರಚುವ ಸದ್ದು, ತೆಂಗಿನ ಕಡ್ಡಿಯ ಪೊರಕೆ, ಪೌರಕಾರ್ಮಿಕರ ಸೀಟಿ, ತಳ್ಳುಗಾಡಿಯ ಮೇಲಿನ ಸೊಪ್ಪು ತರಕಾರಿಯ ಕೂಗು. ರಾಮಕೃಷ್ಣ ಆಶ್ರಮದ ಆರತಿಯ ಹೊತ್ತು, ಚೆಲುವಾಂಬ ಉದ್ಯಾನದ ನಡಿಗೆದಾರರ ಮಾತು, ಕೆ.ಆರ್.ಎಸ್. ರಸ್ತೆಯ ವಾಹನ. ಇವೆಲ್ಲದರ ಅಡಿಯಲ್ಲಿ ರೈಲು.

ಈ ಬಡಾವಣೆಯ ಧ್ವನಿಪರಿಸರಕ್ಕೆ ತಳಹದಿ ರೈಲೇ. ಹಳಿ ಎಷ್ಟು ದೂರ ಎಂಬುದು ಹಾರ್ನಿನ ಬಲದಿಂದ, ಗಾಳಿ ಯಾವ ಕಡೆಗೆ ಎಂಬುದು ಅದರ ತೇಲುವಿಕೆಯಿಂದ ತಿಳಿಯುತ್ತದೆ. ಹಳಿಯ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಕೀಲಿನ ಮೇಲೂ ಗಾಲಿ ‘ಟಕ್’ ಎನ್ನುತ್ತಿತ್ತು. 13 ಮೀಟರ್ ಉದ್ದದ ಹಳಿಯ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಗಾಲಿಗೆ ಸೆಕೆಂಡಿಗೆ ಸುಮಾರು 1.3 ಬಡಿತ, ಒಂದರ ಹಿಂದೊಂದು ಗಾಲಿಗಳ ಬಡಿತ ಸೇರಿ ತಾಳ ಹುಟ್ಟುತ್ತಿತ್ತು. ಉದ್ದಕ್ಕೂ ಬೆಸುಗೆ ಹಾಕಿದ ಹಳಿಗಳು ಬಂದ ಮೇಲೆ ಆ ತಾಳ ಬಹುಪಾಲು ಅಳಿದು ಒಂದೇ ಸಮನೆಯ ಹರಿವು ಉಳಿದಿದೆ. ಉಗಿಬಂಡಿ ಹೋಗಿ ಡೀಸೆಲ್, ಡೀಸೆಲ್ ಹೋಗಿ ವಿದ್ಯುತ್ ಎಂಜಿನ್ ಬಂದಿದೆ. ಕೆ.ಆರ್.ಎಸ್. ರಸ್ತೆಯಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳನ್ನು ಮುಟ್ಟಿ ನೋಡಬಹುದು. ಅವು ಏರು ಹತ್ತುವಾಗ ಹೊರಡಿಸುತ್ತಿದ್ದ ಉಸಿರು ನೋಟಕ್ಕೆ ಸಿಗುವ ವಸ್ತುವಲ್ಲ. ಕಬ್ಬಿಣವನ್ನು ಉಳಿಸಿಕೊಂಡಷ್ಟು ಶ್ರದ್ಧೆಯಿಂದ ನಾವು ಸದ್ದನ್ನು ಉಳಿಸಿಕೊಳ್ಳಲಿಲ್ಲ.

ಇನ್ನೊಂದು ತಳಹದಿ ಯಾರ ಗಮನಕ್ಕೂ ಬಾರದ್ದು: ವಿದ್ಯುತ್ತಿನ ಗುಂಯ್‌ಗುಡುವಿಕೆ. ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದು. ಟ್ರಾನ್ಸ್‌ಫಾರ್ಮರ್ ಅದರ ಇಮ್ಮಡಿ 100 ಹರ್ಟ್ಸ್‌ನಲ್ಲಿ ಮೊರೆಯುತ್ತದೆ. ಇದು ಹಾರ್ಮೋನಿಯಂನ ಐದನೇ ಬಿಳಿ ಮನೆಗಿಂತ ಒಂದು ಕೂದಲೆಳೆ ಮೇಲೆ. ಅಂದರೆ ಐದು ಮನೆ ಶ್ರುತಿಯಲ್ಲಿ ಹಾಡುವವರ ಮಂದ್ರ ಷಡ್ಜವನ್ನು ಬೀದಿಯ ಟ್ರಾನ್ಸ್‌ಫಾರ್ಮರ್ ಹಗಲಿರುಳೂ, ಸ್ವಲ್ಪ ಅಪಶ್ರುತಿಯಲ್ಲಿ, ಹಿಡಿದಿರುತ್ತದೆ. ಉತ್ತರ ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್‌ನದಾದ್ದರಿಂದ ಅಲ್ಲಿನ ಊರುಗಳ ಆಧಾರಸ್ವರ ಬೇರೆ. ಮರೆ ಶೇಫರ್ ಈ ವ್ಯತ್ಯಾಸವನ್ನು ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ತಂಬೂರಿಗೆ ಹೊಂದಿಕೊಂಡ ಮೈಸೂರಿನ ಕಿವಿಗೆ ಇದು ಒಳ್ಳೆಯ ಆರಂಭ ಬಿಂದು. ಯಾದವಗಿರಿಯ ಕೃತಿಯೊಂದಕ್ಕೆ ಶ್ರುತಿಪೆಟ್ಟಿಗೆ ಬೇಡ, ಶ್ರುತಿ ಬೀದಿಯಲ್ಲೇ ಇದೆ.

ಮುದ್ರಣ

ಯಂತ್ರಗಳ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. 1951ರಲ್ಲಿ ಸ್ಟೆಫಾನ್ ಕುಡೆಲ್‌ಸ್ಕಿಯ ನಾಗ್ರಾ ಯಂತ್ರ ಮುದ್ರಣವನ್ನು ಸ್ಟುಡಿಯೊದಿಂದ ಬೀದಿಗೆ ತಂದಿತು. 1963ರ ಕ್ಯಾಸೆಟ್ ಅದನ್ನು ಮನೆಗೆ ತಂದಿತು. ಅಂಗೈಯಗಲದ ಡಿಜಿಟಲ್ ಮುದ್ರಕಗಳು 2000ದ ದಶಕದಲ್ಲಿ ಬಂದವು. ಈಗ ಫೋನಿನಲ್ಲೇ ಅಭ್ಯಾಸಕ್ಕೆ ಸಾಕಾಗುವಷ್ಟು ಗುಣಮಟ್ಟ ಸಿಗುತ್ತದೆ.

ಗಂಭೀರ ಕೆಲಸಕ್ಕೆ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತ ಸರಿಯಾದ ಅಳತೆ. ಸ್ಟೀರಿಯೊ ಮುದ್ರಣಕ್ಕೆ ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಎಂಪಿ3 ಮುದ್ರಣ ಕೇಳಲು ಚೆನ್ನ, ಆದರೆ ವೇಗ ತಗ್ಗಿಸಿದಾಗ, ಹಿಗ್ಗಿಸಿದಾಗ ಅದರ ಕೊರತೆ ಬಯಲಾಗುತ್ತದೆ. ಹಕ್ಕಿಯ ದನಿಯನ್ನು ಎರಡು ಮೂರು ಸ್ಥಾಯಿ ಕೆಳಗಿಳಿಸುವ ಉದ್ದೇಶವಿದ್ದರೆ 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಬೇಕು. ಮೈಕಿಗೆ ತುಪ್ಪಳದ ಗಾಳಿಗವುಸು ಇಲ್ಲದಿದ್ದರೆ ಆಷಾಢದ ಗಾಳಿಯಲ್ಲಿ ಹೊರಗೆ ಹೋಗುವುದೇ ವ್ಯರ್ಥ. ಮಟ್ಟವನ್ನು ತಗ್ಗಿಸಿಯೇ ಇಡಬೇಕು. ರೈಲಿನ ಹಾರ್ನ್ ಒಮ್ಮೆ ಒಡೆದು ಮುದ್ರಣವಾದರೆ ಯಾವ ಸಾಫ್ಟ್‌ವೇರೂ ಅದನ್ನು ಕೂಡಿಸಲಾರದು.

ಗಾಳಿಯ ಸದ್ದಿಗಷ್ಟೇ ಈ ಕಲೆ ನಿಲ್ಲುವುದಿಲ್ಲ. ವಸ್ತುವಿಗೆ ಅಂಟಿಸುವ ಸಂಪರ್ಕ ಮೈಕಿಗೆ ಬೇಕಾದ ಪೀಜೋ ಬಿಲ್ಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಕಬ್ಬಿಣದ ಗೇಟಿಗೋ ನೀರಿನ ಕೊಳವೆಗೋ ತಂತಿಬೇಲಿಗೋ ಅಂಟಿಸಿದರೆ ಕಿವಿಗೆ ಕೇಳಿಸದ ಒಳಗಿನ ಕಂಪನ ಮುದ್ರಣವಾಗುತ್ತದೆ. ವಾಣಿವಿಲಾಸ ನೀರು ಸರಬರಾಜು ಕೇಂದ್ರದ ನೆರೆಯಲ್ಲಿರುವ ಬಡಾವಣೆಯಲ್ಲಿ ನೀರು ಬಿಡುವ ಹೊತ್ತಿನ ಕೊಳವೆ ಒಂದು ವಾದ್ಯವೇ ಸರಿ: ಮೊದಲು ಗಾಳಿಯ ಉಗುಳು, ಆಮೇಲೆ ನಡುಕ, ಕೊನೆಗೆ ತುಂಬು ಹರಿವು. ವಿದ್ಯುತ್ಕಾಂತ ಸುರುಳಿಯಿಂದ ಎಟಿಎಂ, ಜಾಹೀರಾತು ಫಲಕ, ಇನ್ವರ್ಟರುಗಳ ಮೌನ ಸಂಚಾರವನ್ನೂ ಕೇಳಬಹುದು. ಜರ್ಮನಿಯ ಕ್ರಿಸ್ಟಿನಾ ಕುಬಿಶ್ ಇದನ್ನೇ ನಡಿಗೆಯ ಕಲೆಯಾಗಿ ಬೆಳೆಸಿದ್ದಾರೆ.

ಹೆಚ್ಚಿನವರು ಎಡವುವುದು ಅವಸರದಲ್ಲಿ. ಒಂದು ಜಾಗದಲ್ಲಿ ಕನಿಷ್ಠ 20 ನಿಮಿಷ ಕದಲದೆ ನಿಂತಾಗ ಮಾತ್ರ ಆ ಜಾಗದ ಸ್ವಭಾವ ಮುದ್ರಣಕ್ಕೆ ಬರುತ್ತದೆ. ಯಂತ್ರ ಚಾಲೂ ಮಾಡಿದ ಕೂಡಲೇ ದಿನಾಂಕ, ಹೊತ್ತು, ಜಾಗ, ಹವೆಯನ್ನು ಬಾಯಲ್ಲೇ ಹೇಳಿ ದಾಖಲಿಸಬೇಕು. ಸದ್ದಿನ ಪಟ್ಟಿ ಮಾಡುವಾಗ ಕನ್ನಡದ ಅನುಕರಣ ಪದಗಳಷ್ಟು ನಿಖರವಾದ ಚೀಟಿಗಳು ಬೇರಿಲ್ಲ. ಚಟಚಟ, ಗರಗರ, ಕಿರ್‌ರ್, ಧೊಪ್ ಎಂದು ಬರೆದಿಟ್ಟರೆ ವರ್ಷದ ಮೇಲೂ ಆ ಕಡತದಲ್ಲಿ ಏನಿದೆಯೆಂದು ತೆರೆಯದೆಯೇ ತಿಳಿಯುತ್ತದೆ.

ರಚನೆ

ಆಡಾಸಿಟಿಯಂಥ ಉಚಿತ ತಂತ್ರಾಂಶ 2000ನೇ ಇಸವಿಯಿಂದ ಸಿಗುತ್ತಿದೆ; ಪ್ಯೂರ್ ಡೇಟಾ, ಸೂಪರ್‌ಕೊಲೈಡರ್ ಇನ್ನಷ್ಟು ಆಳಕ್ಕೆ ಒಯ್ಯುತ್ತವೆ. ಮಾಡುವ ಕೆಲಸಗಳು ಮಾತ್ರ ಟೇಪಿನ ಕಾಲದವೇ. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದವರು ಈಗ ಪರದೆಯ ಮೇಲೆ ಕತ್ತರಿಸುತ್ತಾರೆ. ವೇಗ ಅರ್ಧಕ್ಕೆ ಇಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿದು, ಉದ್ದ ಇಮ್ಮಡಿಯಾಗುತ್ತದೆ. ಹಿಮ್ಮುಖ ಮಾಡಿದರೆ ಗಂಟೆಯ ನಾದ ಶೂನ್ಯದಿಂದ ಎದ್ದು ಬಂದು ಏಟಿನಲ್ಲಿ ಮುಗಿಯುತ್ತದೆ. ಸೋಸುಕದಿಂದ ಕೆಳಸ್ವರಗಳನ್ನು ತೆಗೆದರೆ ಮಳೆಯಿಂದ ಎಲೆಯ ಮೇಲಿನ ಹನಿಯಷ್ಟೇ ಉಳಿಯುತ್ತದೆ. ಒಂದು ಸದ್ದನ್ನು ಇನ್ನೊಂದರ ಗುಣದಿಂದ ಗುಣಿಸುವ ತಂತ್ರದಲ್ಲಿ ತರಕಾರಿಯವರ ಕೂಗಿಗೆ ನೀರಿನ ಟ್ಯಾಂಕಿನ ಮಾರ್ದನಿ ಕೂಡಿಸಬಹುದು.

ತಂತ್ರ ಸುಲಭವಾಗಿರುವುದೇ ಇಂದು ಅಪಾಯ. ಪ್ರತಿ ಸದ್ದನ್ನೂ ತಿರುಚಿ, ಹಿಗ್ಗಿಸಿ, ಪ್ರತಿಧ್ವನಿಯಲ್ಲಿ ಅದ್ದಿದ ಕೃತಿಗಳು ಯಾವ ಊರಿನವೆಂದೂ ಹೇಳಲಾಗದಷ್ಟು ಒಂದೇ ತೆರನಾಗಿ ಕೇಳುತ್ತವೆ. ರಾಗದಲ್ಲಿ ವರ್ಜ್ಯಸ್ವರ ಇರುವಂತೆ ಇಲ್ಲಿಯೂ ಬಿಡಬೇಕಾದ್ದನ್ನು ಮೊದಲು ನಿರ್ಧರಿಸುವುದು ಒಳ್ಳೆಯದು. ಯಾದವಗಿರಿಯ ಒಂದು ದಿನದ ಮುದ್ರಣದಿಂದ ಹತ್ತು ನಿಮಿಷದ ಕೃತಿ ಕಟ್ಟುವುದಾದರೆ, ರೈಲು, ನೀರು, ಕೂಗು ಈ ಮೂರನ್ನೇ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಡುವ ಧೈರ್ಯ ಬೇಕು. ವಿದ್ಯುತ್ತಿನ ಆಧಾರಸ್ವರವನ್ನು ಹಿಡಿದು, ಹಾರ್ನಿನ ಎರಡು ಮೂರು ಸ್ವರಗಳನ್ನು ನಿಧಾನಗೊಳಿಸಿ ಆಲಾಪದಂತೆ ಬೆಳೆಸಿ, ಕೂಗನ್ನು ಮಾತ್ರ ಎಲ್ಲಿಯೂ ತಿರುಚದೆ ಇದ್ದಂತೆಯೇ ಇಡಬಹುದು. ಮನುಷ್ಯರ ದನಿ ಅಷ್ಟು ಗೌರವಕ್ಕೆ ಅರ್ಹ.

ಕೇಳಿಸುವ ಕ್ರಮವೂ ರಚನೆಯ ಭಾಗ. ಪ್ಯಾರಿಸ್‌ನಲ್ಲಿ ಫ್ರಾಂಸ್ವಾ ಬೇಲ್ 1974ರಲ್ಲಿ ಹತ್ತಾರು ಧ್ವನಿವರ್ಧಕಗಳ ವಾದ್ಯವೃಂದವನ್ನೇ ವೇದಿಕೆಯ ಮೇಲೆ ಕಟ್ಟಿದರು. ನಮ್ಮಲ್ಲಿ ನಾಲ್ಕು ಧ್ವನಿವರ್ಧಕಗಳನ್ನು ನಾಲ್ಕು ಮೂಲೆಗಿಟ್ಟು ದೀಪ ತಗ್ಗಿಸಿದ ಶಾಲೆಯ ಹಾಲು ಸಾಕು.

ಹಕ್ಕು ಮತ್ತು ಹೊಣೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಮುದ್ರಿಕೆಯ ಹಕ್ಕು ಅದನ್ನು ತಯಾರಿಸಿದವರದು. ಪ್ರಕಟಣೆಯಾದ ಮುಂದಿನ ವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ಆದರೆ ಬೀದಿಯಲ್ಲಿ ಕೇಳಿಬಂದ ಸಿನಿಮಾ ಹಾಡಿನ ಹಕ್ಕು ಮುದ್ರಿಸಿದವರಿಗೆ ಬರುವುದಿಲ್ಲ. ಹಾಡುವವರಿಗೆ, ವಾದಕರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದೆ. ಕಾನೂನಿಗಿಂತ ಮೇಲಿನ ಹೊಣೆಯೊಂದಿದೆ: ಸೊಪ್ಪು ಮಾರುವ ಅಮ್ಮನ ಕೂಗು ಅವರ ದುಡಿಮೆಯ ಸಾಧನ. ಕೇಳಿ, ಒಪ್ಪಿಗೆ ಪಡೆದು ಮುದ್ರಿಸಬೇಕು, ಕೃತಿ ಸಿದ್ಧವಾದಾಗ ಅವರಿಗೆ ಕೇಳಿಸಬೇಕು, ಹಣ ಬಂದರೆ ಪಾಲು ಕೊಡಬೇಕು. ರೈಲು ನಿಲ್ದಾಣದಂಥ ಜಾಗಗಳಲ್ಲಿ ಅನುಮತಿ ಕೇಳುವುದೇ ಸರಿಯಾದ ದಾರಿ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಮುದ್ರಿಸಲು ಹೊರಟವರು ಮೊದಲು ಕಂಡುಕೊಳ್ಳುವುದು ಈ ಮಿತಿ ಎಷ್ಟು ಸಲ ಮುರಿಯುತ್ತದೆ ಎಂಬುದನ್ನು. ವಾಹನದ ಭೋರ್ಗರೆತ ಬೆಳೆದಷ್ಟೂ ಹಕ್ಕಿ, ಹೆಜ್ಜೆ, ದೂರದ ಗಂಟೆ ಮುಳುಗುತ್ತವೆ. ಈ ಕಲೆಯನ್ನು ಕಲಿತವರು ಊರಿನ ಗದ್ದಲದ ವಿರುದ್ಧ ಮಾತಾಡುವ ನಾಗರಿಕರೂ ಆಗುತ್ತಾರೆ; ವ್ಯಾಂಕೂವರ್‌ನಲ್ಲಿ ಆದದ್ದು ಅದೇ.

ಸಂಗ್ರಹ

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮುದ್ರಿಸಿದ ಹಾಡು, ಆಚರಣೆಗಳನ್ನು ಹಿಡಿದುಕೊಂಡು 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವೇ ಊರುಗಳಿಗೆ ಮರಳಿದರು. ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಏನು ಉಳಿದಿದೆ, ಏನು ಬದಲಾಗಿದೆಯೆಂದು ದಾಖಲಿಸಿದರು. ಬಾಕೆ ಊರು, ದಿನಾಂಕ ಬರೆದಿಟ್ಟದ್ದರಿಂದ ಅದು ಸಾಧ್ಯವಾಯಿತು. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹ ಕೇಂದ್ರ ಇಂಥ ಮುದ್ರಿಕೆಗಳಿಗೆ ಆಶ್ರಯ ಕೊಟ್ಟಿದೆ. ಹಾಡಲ್ಲದ ಸದ್ದಿಗೆ, ಬೀದಿಗೆ, ಕೆಲಸದ ಸದ್ದಿಗೆ ಕನ್ನಡನಾಡಿನಲ್ಲಿ ಅಂಥ ಮನೆ ಬೇಕು.

ಯಾದವಗಿರಿಯ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಇಂದೇ ಶುರುಮಾಡಬಹುದು. ನಿಮ್ಮ ಬೀದಿಯನ್ನು ಬೆಳಗಿನ ಆರರಿಂದ ಅರ್ಧ ಗಂಟೆ, ಕತ್ತರಿಸದೆ, ಮಾತಾಡದೆ ಮುದ್ರಿಸಿ. ದಿನಾಂಕ, ಜಾಗ, ಹವೆಯನ್ನು ಮಾತ್ರ ಶುರುವಿನಲ್ಲಿ ಹೇಳಿ. ಮೂಲ ಕಡತವನ್ನು ಹಾಗೆಯೇ ಇಟ್ಟು, ರಚನೆಯನ್ನು ಪ್ರತಿಯ ಮೇಲೆ ಮಾಡಿ. ಮುಂದಿನ ವರ್ಷ ಅದೇ ದಿನ, ಅದೇ ಜಾಗದಲ್ಲಿ ಮತ್ತೊಮ್ಮೆ ಮುದ್ರಿಸಿ, ಎರಡರ ಪ್ರತಿಯನ್ನೂ ಒಂದು ಗ್ರಂಥಾಲಯಕ್ಕೆ ಕೊಡಿ.